ಫುಟ್‌ಬೋರ್ಡಿನಿಂದ ಶುರು: ನಮ್ಮ ಗ್ಯಾರೇಜಿನಲ್ಲೊಂದು ಫಿಯೆಟ್ ಡಿಲೈಟ್

ಹಳೆಯ ಕಾರು ತಂದವರು ಮೊದಲು ಕೇಳುವುದು ಬಣ್ಣದ ವಿಚಾರ. ಯಾವ ಕಲರು, ಎಷ್ಟು ಕೋಟು, ಹೊಳಪು ಎಷ್ಟು ವರ್ಷ ನಿಲ್ಲುತ್ತದೆ. ನಾನು ಅವರನ್ನು ಕಾರಿನ ಪಕ್ಕ ಕೂರಿಸಿಕೊಂಡು, ಬಾಗಿಲು ತೆಗೆದು, ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪೆಟ್ಟಿಗೆ, ಅಂದರೆ ಫುಟ್‌ಬೋರ್ಡಿನ ಅಡಿಗೆ ಟಾರ್ಚು ಬಿಡುತ್ತೇನೆ. ಕಾರು ಇನ್ನೂ ಇಪ್ಪತ್ತು ವರ್ಷ ರಸ್ತೆಯ ಮೇಲೆ ಇರುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿ. ಬೆಂಗಳೂರಿನಲ್ಲಿ ಹಳೆಯ ಫಿಯೆಟ್ಟುಗಳನ್ನೇ ಹೆಚ್ಚಾಗಿ ಮಾಡುವ ಚಿಕ್ಕ ಗ್ಯಾರೇಜು ನಮ್ಮದು. ಈಚೆಗೆ ಮುಗಿಸಿಕೊಟ್ಟ ಒಂದು ಕಾರಿನ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ.

ಕಾರು ಫಿಯೆಟ್ 1100 ಡಿಲೈಟ್, 1968ರ ರಿಜಿಸ್ಟ್ರೇಷನ್. ಆಗ ನಮ್ಮದು ಮೈಸೂರು ರಾಜ್ಯ, ನಂಬರ್ ಪ್ಲೇಟು ಎಂವೈ ಎಂದೇ ಶುರುವಾಗುತ್ತದೆ. ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯದು. ತಂದೆ ಕೊಂಡ ಕಾರು, ಮಗ ಈಗ ನಿವೃತ್ತರು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. "ನೋಡಿ ಸಾರ್, ಬೇರೆ ಏನು ಬೇಕಾದ್ರೂ ಬದಲಾಯಿಸಿ. ನಮ್ಮಪ್ಪ ಹಿಡಿದಿದ್ದ ಸ್ಟೇರಿಂಗ್ ಮಾತ್ರ ಬದಲಾಯಿಸಬೇಡಿ" ಅಂದರು. ನನಗೆ ಆ ಮಾತು ತುಂಬಾ ಹಿಡಿಸಿತು. ನಮ್ಮ ಗ್ಯಾರೇಜಿನಲ್ಲಿ ನಾವು ನಡೆದುಕೊಳ್ಳುವ ಕ್ರಮವೂ ಅದೇ. ಉಳಿಸಬಹುದಾದದ್ದನ್ನು ಬದಲಾಯಿಸುವುದಿಲ್ಲ, ಬದಲಾಯಿಸಲೇಬೇಕಾದದ್ದನ್ನು ಮುಚ್ಚಿಡುವುದಿಲ್ಲ.

ಈ ಕಾರಿನ ಹಿಂದೆ ನಮ್ಮವರಿಗೆ ಗೊತ್ತಿರಬೇಕಾದ ಒಂದು ಕಥೆಯಿದೆ. 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಹಾಕಿ, ಯುರೋಪು ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿಬಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗದೆ ಅದು ಮೈಸೂರು ಸಂಸ್ಥಾನದಲ್ಲಿ ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅದರ ಕುರ್ಲಾ ಕಾರ್ಖಾನೆಯಿಂದ ಫಿಯೆಟ್ 1100 ಬಂತು, ಅದೇ ಡಿಲೈಟ್ ಆಯಿತು, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಮೇಲ್ಮೈಯಲ್ಲಿ ಬದಲಾವಣೆಗಳಾದರೂ ಎಂಜಿನ್, ಗೇರ್‌ಬಾಕ್ಸ್, ಅಡಿಭಾಗದ ಮೂಲ ವಿನ್ಯಾಸ ಉಳಿದುಕೊಂಡಿತು. ಡಿಲೈಟಿಗೆ ಪದ್ಮಿನಿಯ ಎಷ್ಟೋ ಸಾಮಾನು ಕೂರುವುದು ಇದರಿಂದಲೇ.

ಬಿಚ್ಚುವ ಮೊದಲು ಪರೀಕ್ಷೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಉದ್ದಕ್ಕೂ ಆಡಿಸಿಕೊಂಡು ಹೋಗುತ್ತೇನೆ. ತಗಡಿದ್ದ ಕಡೆ ಹಿಡಿಯುತ್ತದೆ, ಪುಟ್ಟಿ ತುಂಬಿದ ಕಡೆ ಜಾರುತ್ತದೆ. ಈ ಕಾರಿನಲ್ಲಿ ಹಿಂದಿನ ಚಕ್ರದ ಮೇಲ್ಭಾಗ, ಬಾಗಿಲುಗಳ ಅಂಚು, ಫುಟ್‌ಬೋರ್ಡು ಎಲ್ಲ ಕಡೆ ಜಾರಿತು. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ ನೋಡಿದರೆ ಕೀಲು ಮಾತ್ರ ಸವೆದಿದೆಯೋ, ಕೀಲು ಕೂತ ಕಂಬವೇ ಅಲುಗುತ್ತಿದೆಯೋ ತಿಳಿಯುತ್ತದೆ. ಕಾರ್ಪೆಟ್ ಎತ್ತಿದಾಗ ಡ್ರೈವರ್ ಕಾಲಿನ ಹತ್ತಿರ ನೆಲ ಕಾಣಿಸಿತು. ಮಲೆನಾಡಿನ ಕಾರುಗಳಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಒಂದೇ. ಗಾಜಿನ ಮುಂದೆ ಗಾಳಿ ಒಳಗೆ ಬರುವ ಜಾಲರಿಯಿದೆಯಲ್ಲ, ಅದರೊಳಗೆ ತೋಟದ ಎಲೆ ಬಿದ್ದು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ಮಳೆನೀರು ಒಳಗಿನಿಂದಲೇ ಇಳಿದು ಫ್ಲೋರನ್ನು ತಿನ್ನುತ್ತದೆ. ಹೊರಗೆ ಎಷ್ಟು ಪಾಲಿಶ್ ಹೊಡೆದರೂ ಇದು ಗೊತ್ತಾಗುವುದಿಲ್ಲ.

ಇಲ್ಲಿಂದ ಮುಂದಿನದೇ ಈ ಕೆಲಸದ ಜೀವ. ಫಿಯೆಟ್ 1100ಕ್ಕೆ ಲಾರಿಗಿರುವಂತೆ ಭಾರ ಹೊರುವ ಬೇರೆ ಚೌಕಟ್ಟು, ಅಂದರೆ ಚಾಸಿ, ಇಲ್ಲ. ಬಾಡಿಯೇ ಚಾಸಿ. ಫುಟ್‌ಬೋರ್ಡಿನ ಪೆಟ್ಟಿಗೆ, ನಡುವಿನ ಕಂಬ, ಫ್ಲೋರು, ಇವೆಲ್ಲ ಸೇರಿ ಕಾರಿನ ಭಾರ ಹೊರುತ್ತವೆ. ಒಳಗಿನ ತಟ್ಟೆ ಎಳೆದುಬಿಟ್ಟ ಬೆಂಕಿಪೆಟ್ಟಿಗೆ ಹೇಗೆ ಬೆರಳು ತಾಗಿದರೂ ವಾಲುತ್ತದೋ, ಫುಟ್‌ಬೋರ್ಡು ಕತ್ತರಿಸಿದ ಫಿಯೆಟ್ಟೂ ಹಾಗೆಯೇ ವಾಲುತ್ತದೆ. ವಾಲಿದ ಮೇಲೆ ಹೊಸ ತಗಡು ಬೆಸೆದರೆ ಆ ಓರೆಯೇ ಶಾಶ್ವತ. ಆಮೇಲೆ ಯಾವ ಮೇಸ್ತ್ರಿ ಬಂದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಆದ್ದರಿಂದ ಮೊದಲು ಎಂಜಿನ್, ಸೀಟು, ಗಾಜು ಇಳಿಸಿ, ಕಾರನ್ನು ಮಟ್ಟಸವಾದ ನೆಲದ ಮೇಲೆ ಸ್ಟ್ಯಾಂಡುಗಳಲ್ಲಿ ಕೂರಿಸಿದೆವು. ಸ್ಟ್ಯಾಂಡು ಕೊಡುವುದು ಸಸ್ಪೆನ್ಷನ್ ಭಾರ ಬೀಳುವ ಜಾಗಗಳಿಗೆ. ಮಧ್ಯಕ್ಕೆ ಕೊಟ್ಟರೆ ತುಕ್ಕು ತಿಂದ ಬಾಡಿ ಅಲ್ಲೇ ಕುಗ್ಗುತ್ತದೆ. ಬಾಗಿಲುಗಳು ಚೌಕಟ್ಟಿನಲ್ಲಿ ಸರಿಯಾಗಿ ಕೂರುವವರೆಗೆ ಮಟ್ಟ ಹೊಂದಿಸಿ, ಬಾಗಿಲು ತೆಗೆದು, ಆ ಜಾಗಕ್ಕೆ ಅಡ್ಡಡ್ಡ ಚೌಕದ ಪೈಪು ಬೆಸೆದೆವು. ಎಡದಿಂದ ಬಲಕ್ಕೂ ಒಂದು ಪೈಪು. ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಕರ್ಣದ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟೆವು. ಕತ್ತರಿಸುವುದು ಒಂದು ಸಲಕ್ಕೆ ಒಂದೇ ಪಕ್ಕ. ಅದು ಪೂರ್ತಿ ಬೆಸೆದು, ಬಾಗಿಲು ತೂಗುಹಾಕಿ, ಗೋಡೆಯ ಮೇಲಿನ ಅಳತೆಗೆ ತಾಳೆ ನೋಡಿದ ಮೇಲೆಯೇ ಇನ್ನೊಂದು ಪಕ್ಕ.

ನಮ್ಮ ಟಿಂಕರಿಂಗ್ ಮೇಸ್ತ್ರಿಯ ಕೈ ನೋಡಬೇಕು. ಅಂಗಡಿಯಲ್ಲಿ ಸಿದ್ಧ ಫುಟ್‌ಬೋರ್ಡು ಸಿಗುತ್ತದೆ, ಆದರೆ ಅದರ ತಿರುವು ಡಿಲೈಟಿಗೆ ಸರಿಹೊಂದಲಿಲ್ಲ. ಅವರು 18 ಗೇಜಿನ ತಗಡನ್ನು ಮಡಿಸಿ ಒಳಪೆಟ್ಟಿಗೆ ಮಾಡಿದರು, ಫ್ಲೋರಿಗೆ 20 ಗೇಜು. ಕಂಪನಿ ಸ್ಪಾಟ್ ವೆಲ್ಡಿಂಗ್ (ಚುಕ್ಕೆ ಚುಕ್ಕೆಯಾಗಿ ಬೆಸುಗೆ) ಮಾಡಿದ ಕಡೆಗಳಲ್ಲಿ ಮೇಲಿನ ತಗಡಿಗೆ ಸಾಲಾಗಿ ತೂತು ಕೊರೆದು, ಆ ತೂತು ತುಂಬುವಂತೆ ಸಿಓ2 ವೆಲ್ಡಿಂಗ್ (ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವುದು) ಹಾಕಿ, ಮಟ್ಟಸವಾಗಿ ಉಜ್ಜಿದರು. ಉದ್ದಕ್ಕೆ ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಅಲೆಯೇಳುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ತುಂಬಬೇಕು. ಒಂದರ ಮೇಲೊಂದು ಕೂರುವ ಅಂಚುಗಳಿಗೆ ಬೆಸೆಯುವ ಮೊದಲೇ ಜಿಂಕ್ ಪ್ರೈಮರ್ ಹಚ್ಚಬೇಕು. ಬೆಸೆದ ಮೇಲೆ ಅಲ್ಲಿಗೆ ಬ್ರಶ್ಶು ಹೋಗುವುದಿಲ್ಲ. ಹಳೆಯ ತುಕ್ಕು ತಗಡಿನ ಮೇಲೆಯೇ ಹೊಸ ಪಟ್ಟಿ ಬೆಸೆದು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಎರಡು ತಗಡಿನ ಮಧ್ಯೆ ನೀರು ನಿಂತು, ಮೂರು ಮಳೆಗಾಲದಲ್ಲಿ ಹೊಸದನ್ನೂ ತಿಂದುಹಾಕುತ್ತದೆ. ಈ ಕಾರಿಗೇ ಹಿಂದೆ ಯಾರೋ ಹಾಗೆ ಮಾಡಿದ್ದರು, ಬಿಚ್ಚಿದಾಗ ತಗಡು ಪದರು ಪದರಾಗಿ ಉದುರಿತು.

ಬಣ್ಣ ಸುಲಿಯುವುದಕ್ಕೂ ವಿವೇಚನೆ ಬೇಕು. ಸಸ್ಪೆನ್ಷನ್ ತೋಳು, ಆಕ್ಸಲ್, ಚಕ್ರಗಳಿಗೆ ಸ್ಯಾಂಡ್‌ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಮರಳು ಹೊಡೆಸುವುದು) ಬಹಳ ಒಳ್ಳೆಯದು. ಬಾನೆಟ್, ರೂಫು, ಬಾಗಿಲಿನಂಥ ಅಗಲ ತಗಡಿಗೆ ಅದನ್ನು ಹೊಡೆಸಿದರೆ ಸೊಟ್ಟಗಾಗುತ್ತದೆ. ಅವನ್ನು ಪೇಂಟ್ ರಿಮೂವರ್ ಹಚ್ಚಿ ಕೈಯಲ್ಲೇ ಕೆರೆದೆವು. ತಗಡು ಬರಿದಾದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಳೆಗಾಲದ ತೇವಕ್ಕೆ ಬೆಳಗಾಗುವಷ್ಟರಲ್ಲಿ ಕೆಂಪಡರಿರುತ್ತದೆ.

ಎಂಜಿನ್ನಿನ ಕೆಲಸ ಇದಕ್ಕೆ ಹೋಲಿಸಿದರೆ ನೇರ. 1089 ಸಿಸಿ, ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡುವ ದೂರ). ಬ್ಲಾಕು ಬೀಡುಕಬ್ಬಿಣ, ಅದರ ಮೇಲೆ ಕೂರುವ ಹೆಡ್ಡು ಅಲ್ಯುಮಿನಿಯಂ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ಬೇಡ. ಅಂಟಿಕೊಂಡ ರಿಂಗು ಬೋರನ್ನು ಗೀರುತ್ತದೆ. ಪ್ಲಗ್ಗು ಬಿಚ್ಚಿ ಎಣ್ಣೆ ಬಿಟ್ಟು, ದಿನವೂ ಸ್ವಲ್ಪ ಸ್ವಲ್ಪ ಕೈಯಲ್ಲೇ ತಿರುಗಿಸಿ ನೋಡಿದೆವು. ಬಿಡಿಸಿಕೊಂಡ ಮೇಲೆ ಇಳಿಸಿದೆವು. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲೂ ಅಳೆದಾಗ ಅಂಡಾಕಾರಕ್ಕೆ ಸವೆದಿತ್ತು. ಒಂದು ಅಳತೆ ದೊಡ್ಡ ಪಿಸ್ಟನ್ನಿಗೆ (ಓವರ್‌ಸೈಜಿಗೆ) ಹೊಂದುವಂತೆ ಬೋರನ್ನು ಕೊರೆಸಿ ಅಗಲ ಮಾಡಿಸಿದೆವು, ಅದೇ ಬೋರಿಂಗ್. ಪಿಸ್ಟನ್ ಮೊದಲು ಕೈಗೆ ಬರಲಿ, ಬೋರಿಂಗ್ ಆಮೇಲೆ, ಆ ಪಿಸ್ಟನ್ನಿನ ಅಳತೆಗೇ.

ಹಾಳು ಮಾಡಿದ್ದು ಓಟಕ್ಕಿಂತ ಹೆಚ್ಚಾಗಿ ನೀರು. ಕೂಲೆಂಟ್ ಬದಲು ಸಿಕ್ಕ ಸಿಕ್ಕ ನೀರು ತುಂಬಿಸಿ, ಬ್ಲಾಕಿನ ಸುತ್ತ ನೀರು ಹರಿಯುವ ಜಾಗದಲ್ಲಿ ಕೆಸರು ಮತ್ತು ಸುಣ್ಣದಂಥ ಪದರ ಗಟ್ಟಿಯಾಗಿತ್ತು. ಹೆಡ್ಡಿನ ನೀರಿನ ತೂತುಗಳ ಅಂಚು ಕೊರೆದುಹೋಗಿತ್ತು. ಅಲ್ಯುಮಿನಿಯಂ ವೆಲ್ಡಿಂಗ್ ಮಾಡಿಸಿ, ಮಟ್ಟ ಹೊಡೆಸಿ, ಹಳೆಯ ಹೆಡ್ಡನ್ನೇ ಉಳಿಸಿಕೊಂಡೆವು. ವಾಲ್ವ್ ಸೀಟುಗಳನ್ನು ಮಾತ್ರ ಗಟ್ಟಿ ಲೋಹದವಕ್ಕೆ ಬದಲಾಯಿಸಿದೆವು. ಈ ಎಂಜಿನ್ ವಿನ್ಯಾಸಗೊಂಡಾಗ ಪೆಟ್ರೋಲಿನಲ್ಲಿ ಸೀಸ ಇತ್ತು, ಅದು ವಾಲ್ವಿನ ಸೀಟನ್ನು ಸವೆಯದಂತೆ ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು, ಹಳೆಯ ಎಂಜಿನ್ನಿಗೆ ನಾವು ಹೊಂದಾಣಿಕೆ ಮಾಡಿಕೊಡಬೇಕು.

ಈಗಿನ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್, ಇನ್ನೂ ದೊಡ್ಡ ಹೊಂದಾಣಿಕೆ ಕೇಳುತ್ತದೆ. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಏಳಿಸುತ್ತದೆ. ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿದೆವು, ಪಂಪಿನ ಡಯಾಫ್ರಮ್ಮನ್ನೂ. ಸೋಲೆಕ್ಸ್ ಕಾರ್ಬೊರೇಟರಿನ ಗ್ಯಾಸ್ಕೆಟ್ಟುಗಳು ಹೊಸವು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಒಂದು ಹೆಜ್ಜೆ ದೊಡ್ಡದು. ಎಥೆನಾಲ್ ಬೆರೆತಾಗ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಇಲ್ಲದಿದ್ದರೆ ಎಂಜಿನ್ ಬಿಸಿಯಾಗಿ ಓಡುತ್ತದೆ.

ಬ್ರೇಕಿನ ವಿಷಯದಲ್ಲಿ ಹಳೆಯದನ್ನು ಉಳಿಸುವ ಆಸೆ ಇಟ್ಟುಕೊಳ್ಳುವುದಿಲ್ಲ. ನಾಲ್ಕೂ ಡ್ರಮ್ಮು, ಒಂದೇ ಆಯಿಲ್ ಲೈನು. ಎಲ್ಲಿ ಒಡೆದರೂ ನಾಲ್ಕೂ ಚಕ್ರದ ಬ್ರೇಕು ಹೋದಂತೆ. ಪೈಪು, ಹೋಸು, ವೀಲ್ ಸಿಲಿಂಡರ್, ಮಾಸ್ಟರ್ ಎಲ್ಲ ಹೊಸವು ಹಾಕಿದೆವು.

ಸಾಮಾನು ಹುಡುಕುವುದೇ ಒಂದು ಓಡಾಟ. ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಬೇರಿಂಗು, ಗ್ಯಾಸ್ಕೆಟ್ಟು ಕೇಳಿದರೆ ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಹಿಡಿಕೆ, ಲ್ಯಾಂಪು, ಮೀಟರು. ಬಹಳ ಕಾಲ ನಮ್ಮಂಥವರಿಗೆ ದೊಡ್ಡ ಆಸರೆ ಮುಂಬೈ. ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿಗಳೆಲ್ಲ ಪದ್ಮಿನಿಗಳೇ ಆಗಿದ್ದಾಗ ಬಿಡಿಭಾಗ ಹರಿದುಬರುತ್ತಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಇನ್ನು ಮುಂದೆ ಹಳೆಯ ಭಾಗ ಎಸೆಯುವ ಮುಂಚೆ ಎರಡು ಸಲ ಯೋಚಿಸಬೇಕು.

ಸ್ಟೇರಿಂಗಿಗೆ ಬರುತ್ತೇನೆ. ಪ್ಲಾಸ್ಟಿಕ್ಕು ಒಳಗಿನ ಕಬ್ಬಿಣದವರೆಗೂ ಬಿರುಕು ಬಿಟ್ಟಿತ್ತು. ಪ್ರತಿ ಬಿರುಕನ್ನೂ ಅಗಲಿಸಿ, ಒಳಗಿನ ತುಕ್ಕು ತೆಗೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಎಮರಿ ಕಾಗದದಲ್ಲಿ ಕೈಯಿಂದಲೇ ತಿದ್ದಿದೆ. ಹೆಬ್ಬೆರಳು ಕೂತು ಕೂತು ಸವೆದ ತಗ್ಗನ್ನು ಮಾತ್ರ ತುಂಬಲಿಲ್ಲ. ಬಿರುಕು ದೋಷ, ಆ ಸವೆತ ದೋಷವಲ್ಲ. ಸ್ಟೇರಿಂಗ್ ಪಕ್ಕದಲ್ಲಿರುವ ಹ್ಯಾಂಡ್ ಗೇರಿನ ಬುಶ್ಶುಗಳನ್ನು ಲೇತಿನಲ್ಲಿ ಮಾಡಿಸಿದ ಮೇಲೆ ಗೇರು ಎಲ್ಲಿದೆ ಎಂದು ತಡಕಾಡುವುದು ತಪ್ಪಿತು.

ಕೊನೆಗೆ ಬಣ್ಣ. ಡ್ಯಾಶ್‌ಬೋರ್ಡಿನ ಹಿಂದೆ, ಬಿಸಿಲು ಕಾಣದ ಜಾಗದಲ್ಲಿ ಮೂಲ ಬಣ್ಣ ಸಿಕ್ಕಿತು, ತಿಳಿ ಬೂದು. ಅಂಗಡಿಯಲ್ಲಿ ಅದಕ್ಕೇ ಸರಿಹೊಂದಿಸಿದೆವು. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣವನ್ನೇ ಹೊಡೆದೆವು, ಆದರೆ ಮೇಲೆ ಕ್ಲಿಯರ್ ಕೋಟ್ ಹಾಕಲಿಲ್ಲ. ಗಾಜಿನಂಥ ಆ ಹೊಳಪು ಆ ಕಾಲದ ಕಾರಿಗೆ ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅನುಮಾನವಿದ್ದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿನ ಹಳೆಯ ಕಾರುಗಳ ಮುಂದೆ ನಿಧಾನವಾಗಿ ನಿಂತು ನೋಡಿ.

ಕಾಗದಪತ್ರದ ಮಾತೂ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಈಗಾಗಲೇ ರಿಜಿಸ್ಟರ್ ಆಗಿರುವ ಗಾಡಿ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ವಿಂಟೇಜ್ ಎಂದು ರಿಜಿಸ್ಟರ್ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಡೀಸೆಲ್ ಎಂಜಿನ್ ಕೂರಿಸಿ, ಫ್ಲೋರ್ ಗೇರ್ ಮಾಡಿ ಎಂದು ಕೇಳಿ ಬರುವವರಿಗೆ ನಾನು ಈ ನಿಯಮವನ್ನೇ ತೋರಿಸುತ್ತೇನೆ. ಬ್ಲಾಕಿನ ಮೇಲಿನ ನಂಬರನ್ನೂ ಚಾಸಿ ನಂಬರಿನ ಪಟ್ಟಿಯನ್ನೂ ಕೆಲಸ ಶುರುವಾಗುವ ಮೊದಲೇ ಫೋಟೊ ತೆಗೆದಿಟ್ಟು, ಬ್ಲಾಸ್ಟಿಂಗಿಗೆ ಕಳಿಸುವಾಗ ಟೇಪು ಸುತ್ತಿ ಕಾಪಾಡಬೇಕು.

ಗಾಡಿ ಕೊಡುವಾಗ ಯಜಮಾನರಿಗೆ ಹೇಳಿದ್ದು ಇಷ್ಟು. ಮೊದಲ 500 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ, ಹೆಡ್ ಬೋಲ್ಟು ಮತ್ತೆ ಬಿಗಿ ಮಾಡಿಸಲು ಇಲ್ಲಿಗೇ ತನ್ನಿ. ವಾರಕ್ಕೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ರೇಡಿಯೇಟರಿಗೆ ಕೂಲೆಂಟ್ ಬಿಟ್ಟು ಬೇರೇನೂ ಬೇಡ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹಳೆಯ ಪೆಟ್ರೋಲ್ ಇಳಿಸಿಬಿಡಿ. ಮಳೆಗಾಲಕ್ಕೆ ಮುಂಚೆ ಜಾಲರಿಯೊಳಗಿನ ಎಲೆ ತೆಗೆದು, ಫುಟ್‌ಬೋರ್ಡಿನ ನೀರು ತೂತುಗಳಿಗೆ ತಂತಿ ಹಾಕಿ ನೋಡಿ. ಫುಟ್‌ಬೋರ್ಡಿನೊಳಗೆ ತುಕ್ಕು ತಡೆಯುವ ಮೇಣ ಹೊಡೆಯಲು ಬಾಗಿಲ ಕೆಳಗೆ ರಬ್ಬರ್ ಮುಚ್ಚಳ ಇಟ್ಟಿದ್ದೇವೆ, ಎರಡು ವರ್ಷಕ್ಕೊಮ್ಮೆ ಅದನ್ನು ತೆಗೆದು ಹೊಡೆಸಿದರೆ ಸಾಕು.