ಪೀಣ್ಯದ ಶೆಡ್ಡಿನಲ್ಲಿ ಟೂಲ್ ಹುಡುಕಾಟ ತಪ್ಪಿಸಿದ ಬಗೆ

ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಪೀಣ್ಯದ ಯಾವ ಜಾಬ್‌ವರ್ಕ್ ಶೆಡ್ಡಿಗೆ (ಬೇರೆಯವರ ಆರ್ಡರಿಗೆ ಲೋಹದ ಬಿಡಿಭಾಗ ಮಾಡಿಕೊಡುವ ಜಾಗ) ಹೋದರೂ ಎಲ್ಲ ಫಳಫಳ. ಹದಿನೈದು ದಿನ ಕಳೆಯಲಿ, ‘ಚಕ್ ಕೀ ಎಲ್ಲಿಟ್ಯೋ’ ಎಂಬ ಕೂಗು ಮತ್ತೆ ಶುರು. ತೊಳೆದು ಒಪ್ಪ ಮಾಡುವುದೇ ಬೇರೆ, ಸೆಟ್ಟಿಂಗ್ (ಹೊಸ ಕೆಲಸಕ್ಕೆ ಮಷೀನು ಸಜ್ಜು ಮಾಡುವುದು) ಬೇಗ ಮುಗಿಯುವ ಹಾಗೆ ಜೋಡಿಸುವುದೇ ಬೇರೆ. ನಮ್ಮ 30×40 ಅಡಿ ಶೆಡ್ಡಿನಲ್ಲಿ ನಾವು ಹಿಡಿದ ಲೆಕ್ಕ ಇಷ್ಟೇ: ಒಂದೇ ಕೆಲಸಕ್ಕೆ ಬೇಕಾದದ್ದೆಲ್ಲ ಒಂದೇ ಕಡೆ ಇರಬೇಕು.

ಸಾಮಾನ್ಯವಾಗಿ ಡ್ರಿಲ್ಲುಗಳಿಗೆ ಒಂದು ಡ್ರಾಯರ್, ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪುಗಳಿಗೆ ಇನ್ನೊಂದು. ಅಲ್ಲೇ ಎಡವಟ್ಟು. 6.8 ಎಂಎಂ ಡ್ರಿಲ್ಲಿನ ಪಕ್ಕದಲ್ಲಿ 6.5 ಬಿದ್ದಿರುತ್ತದೆ, ಅವಸರಕ್ಕೆ ಕೈಗೆ ಅದೇ ಬರುತ್ತದೆ, ಎಂ8 (8 ಎಂಎಂ ಬೋಲ್ಟಿನ) ಟ್ಯಾಪು ತೂತಿನಲ್ಲೇ ಮುರಿಯುತ್ತದೆ. ಅದಕ್ಕೇ ಅಳತೆಗೊಂದು ಮರದ ಬ್ಲಾಕ್ ಮಾಡಿದೆವು. ಎಂ8 ಬ್ಲಾಕಿನಲ್ಲಿ 6.8 ಡ್ರಿಲ್, ಟ್ಯಾಪು, ಬೋಲ್ಟ್ ಸಲೀಸಾಗಿ ದಾಟುವ ಥ್ರೂ ಹೋಲಿಗೆ 9ರ ಡ್ರಿಲ್, ಅಲೆನ್ ಬೋಲ್ಟಿನ ತಲೆ ಕೂರಲು 15ರ ಕೌಂಟರ್‌ಬೋರ್. ಎಂ6ಕ್ಕೆ 5, ಎಂ10ಕ್ಕೆ 8.5, ಎಂ12ಕ್ಕೆ 10.2 ಡ್ರಿಲ್. ಟ್ಯಾಪು ಹೊಡೆಯಲು ಹೊರಟವನು ಬ್ಲಾಕನ್ನೇ ಎತ್ತಿಕೊಂಡು ಹೋಗುತ್ತಾನೆ. ವಾಪಸ್ ಬಂದಾಗ ತೂತು ಖಾಲಿಯಿದ್ದರೆ ಯಾವುದು ಬಂದಿಲ್ಲ ಎಂದು ಯಾರಿಗೂ ಕಾಣುತ್ತದೆ.

ಅಲೆನ್ ಕೀ ಸೆಟ್ ಮಷೀನಿಗೊಂದು, ಹಿಡಿಗೆ ಆ ಮಷೀನಿನ ಬಣ್ಣ. ದುಡ್ಡು ಉಳಿಸಲು ಮೂರು ಮಷೀನಿಗೆ ಒಂದೇ ಸೆಟ್ ಇಡುವುದು ಶುದ್ಧ ದಂಡ.

ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಬದಲಾಯಿಸಬಹುದಾದ ಕಟಿಂಗ್ ತುಣುಕು) ಡಬ್ಬಿಗಳನ್ನು ಮೆಟೀರಿಯಲ್ ಪ್ರಕಾರ ಇಡಿ. ಉಕ್ಕಿಗೆ ನೀಲಿ, ಸ್ಟೇನ್‌ಲೆಸ್‌ಗೆ ಹಳದಿ, ಬೀಡು ಕಬ್ಬಿಣಕ್ಕೆ ಕೆಂಪು, ಅಲ್ಯುಮಿನಿಯಂಗೆ ಹಸಿರು. ಐಎಸ್ಒ ಬಣ್ಣಗಳೇ ಇವು. ಸಿಎನ್ಎಂಜಿ ಎಂಬ ಇನ್ಸರ್ಟಿಗೆ ಕತ್ತರಿಸುವ ಮೂಲೆ ನಾಲ್ಕು. ಮುಗಿದ ಮೂಲೆಗೆ ಮಾರ್ಕರ್ ಗೀಟು ಎಳೆಯದಿದ್ದರೆ ಎರಡೇ ಮೂಲೆ ತಿಂದ ಇನ್ಸರ್ಟ್ ಗುಜರಿಗೆ ಹೋಗುತ್ತದೆ.

ಬಾರ್‌ಗಳ ವಿಷಯಕ್ಕೆ ಹೆಚ್ಚು ಗಮನ ಬೇಕು. ಎಂಎಸ್ (ಮೈಲ್ಡ್ ಸ್ಟೀಲ್), ಗಟ್ಟಿ ಮಾಡಬಹುದಾದ ಇಎನ್8, ಇಎನ್24 ಉಕ್ಕು ಮೂರೂ ಕಣ್ಣಿಗೆ ಒಂದೇ. ಬದಲಾದದ್ದು ಟರ್ನಿಂಗ್‌ನಲ್ಲಿ ಗೊತ್ತಾಗದೇ ಹೋಗಬಹುದು. ಹಾರ್ಡನಿಂಗ್‌ಗೆ ಹೋದ ಮೇಲೆ ಎಂಎಸ್ ಗಟ್ಟಿಯಾಗದೆ ವಾಪಸ್ ಬರುತ್ತದೆ, ಅಷ್ಟು ಹೊತ್ತಿಗೆ ಅದರ ಮೇಲೆ ಎಲ್ಲ ಕೆಲಸ ಮುಗಿದಿರುತ್ತದೆ. ಲಾರಿಯಿಂದ ಇಳಿಸಿದ ತಕ್ಷಣ ಒಂದು ತುದಿಗೆ ಗ್ರೇಡಿನ ಬಣ್ಣ ಹಚ್ಚಿ, ಕಟಿಂಗ್ ಯಾವಾಗಲೂ ಬಣ್ಣವಿಲ್ಲದ ತುದಿಯಿಂದ. ರ‍್ಯಾಕಿನಲ್ಲಿ ಬಣ್ಣದ ತುದಿ ದಾರಿಯ ಕಡೆಗಿರಲಿ. ಬಣ್ಣ ಕಳೆದುಕೊಂಡ ತುಂಡನ್ನು ಎಷ್ಟೇ ಉದ್ದವಿರಲಿ ಇಎನ್ ಎಂದು ನಂಬಬಾರದು. ಬುಷ್, ಸ್ಪೇಸರ್‌ಗೆ ಬಳಸಬಹುದು.

ಮೈಕ್ರೋಮೀಟರನ್ನು ಲೇತಿನ ಹೆಡ್‌ಸ್ಟಾಕ್ (ಓಡುವಾಗ ಬಿಸಿಯಾಗುವ ಗೇರ್ ಪೆಟ್ಟಿಗೆ) ಮೇಲೆ ಇಡುವ ಚಾಳಿ ಎಲ್ಲ ಟರ್ನರ್‌ಗಳಿಗೂ ಇದೆ. ಮೈಕ್ರೋಮೀಟರು ಅಳೆಯುವ ತುಂಡಿಗಿಂತ 10 ಡಿಗ್ರಿ ಬಿಸಿಯಾದರೆ 50 ಎಂಎಂ ಶಾಫ್ಟನ್ನು ಸುಮಾರು 6 ಮೈಕ್ರಾನ್ ಕಡಿಮೆ ತೋರಿಸುತ್ತದೆ. ಎಚ್6 ಎಂಬ ದರ್ಜೆಯಲ್ಲಿ ಅಂಥ ಶಾಫ್ಟಿನ ಪೂರ್ತಿ ಟಾಲರೆನ್ಸೇ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) 16 ಮೈಕ್ರಾನ್. ಲೇತಿನ ಪಕ್ಕ ಫೆಲ್ಟ್ ಹಾಕಿದ ಸಣ್ಣ ಸ್ಟ್ಯಾಂಡ್ ಸಾಕು, ಆದರೆ ಏರ್ ಗನ್ ಹೊಡೆದಾಗ ಚಿಪ್ಸ್ ಹಾರಿ ಬೀಳುವ ದಿಕ್ಕಿನಲ್ಲಿ ಬೇಡ. ಬೆಂಚ್ ಗ್ರೈಂಡರ್ ಬಾಗಿಲ ಬಳಿ ಇರಲಿ. ಅದರ ಪುಡಿ ಲೇತ್ ಬೆಡ್ಡಿಗೆ ಬಿದ್ದು ಎಣ್ಣೆ ಜೊತೆ ಸೇರಿದರೆ ಸ್ಲೈಡ್‌ವೇ ಸವೆಯುತ್ತದೆ.

ಜಾಗ ಸಾಲದೆಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್) ಹಿಂಬದಿಯನ್ನು ಗೋಡೆಗೆ ಒತ್ತರಿಸಬೇಡಿ. ಹಿಂದಿನ ವಿದ್ಯುತ್ ಪ್ಯಾನೆಲ್ ಬಾಗಿಲು ಪೂರ್ತಿ ತೆರೆದು ಒಬ್ಬ ಕೂತು ಕೆಲಸ ಮಾಡುವಷ್ಟು ಬಿಡಿ. ಇಲ್ಲದಿದ್ದರೆ ಡ್ರೈವ್ ಅಲಾರಂ (ಮೋಟಾರ್ ನಡೆಸುವ ಭಾಗದಲ್ಲಿ ದೋಷದ ಸೂಚನೆ) ಬಂದಾಗ ಮಷೀನನ್ನೇ ಜರುಗಿಸಿ, ಲೆವೆಲಿಂಗ್ ಮತ್ತೆ ಮೊದಲಿಂದ ಮಾಡಬೇಕು.