ತಲೆಯಿಂದ ಹೋಗದ ಯೋಚನೆಯನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೇಗೆ?

'ಅದೇ ಯೋಚನೆ ತಲೆ ಕೊರೆಯುತ್ತಿದೆ' ಎಂದು ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷ್ ಬಂದಾಗ ಮಾತ್ರ 'ಥಿಂಕಿಂಗ್ ಟೂ ಮಚ್' ಎಂದು ಸುಮ್ಮನಾಗುತ್ತೇವೆ. ಅದು ತಪ್ಪಲ್ಲ. ಆದರೆ ಕೊರಗೋ, ಆತಂಕವೋ, ಗೀಳೋ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ಮೊದಲು ಇದನ್ನು ಕೇಳಿಕೊಳ್ಳಿ: ಯೋಚನೆ ನಿಮ್ಮನ್ನು ಹಿಡಿದಿದೆಯೋ, ನೀವೇ ಅದನ್ನು ಹಿಡಿದುಕೊಂಡಿದ್ದೀರೋ? ಇದು ಗೊತ್ತಾದರೆ ವಾಕ್ಯ ಎಲ್ಲಿಂದ ಶುರುಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಯೋಚನೆಯೇ ಹಿಡಿದಿದ್ದರೆ ವಾಕ್ಯವನ್ನು ಅದರಿಂದಲೇ ಆರಂಭಿಸಿ. ಹಳೆಯ ತಪ್ಪು ಈಗಲೂ ಕಾಡುತ್ತಿದ್ದರೆ 'ದಟ್ ಮಿಸ್ಟೇಕ್ ಸ್ಟಿಲ್ ಹಾಂಟ್ಸ್ ಮಿ'. ಅಪರಾಧಿ ಭಾವ ಇಡೀ ಮನಸ್ಸನ್ನೇ ತಿನ್ನುತ್ತಿದ್ದರೆ 'ಗಿಲ್ಟ್ ಈಸ್ ಕನ್ಸ್ಯೂಮಿಂಗ್ ಮಿ'.

ನೀವೇ ಹಿಡಿದುಕೊಂಡಿದ್ದರೆ ವಾಕ್ಯ 'ಐ'ಯಿಂದ ಶುರುವಾಗುತ್ತದೆ, ಕ್ರಿಯಾಪದದ ನಂತರ ಒಂದು ಪುಟ್ಟ ಪದವೂ ಬೇಕು. ಆಗಿಹೋದ ಕಹಿಯನ್ನೇ ನೆನೆಯುತ್ತಿದ್ದರೆ 'ಡ್ವೆಲ್ ಆನ್'. ಮಾತಿಲ್ಲದೆ ಒಳಗೊಳಗೇ ಕೊರಗುತ್ತಿದ್ದರೆ 'ಬ್ರೂಡ್ ಓವರ್'. ಸಣ್ಣ ವಿಷಯಕ್ಕೂ ಚಡಪಡಿಸುತ್ತಿದ್ದರೆ 'ಫ್ರೆಟ್ ಓವರ್'. ಯಾವುದನ್ನು ಆರಿಸಲಿ ಎಂದು ಒದ್ದಾಡುತ್ತಿದ್ದರೆ 'ಅಗನೈಸ್ ಓವರ್'. 'ಮಲ್ ಓವರ್' ಈ ಸಾಲಿಗೆ ಸೇರುವುದಿಲ್ಲ. ಅದು ನಿಧಾನವಾಗಿ ಎಲ್ಲವನ್ನೂ ತೂಗಿನೋಡುವುದು, ಅದರಲ್ಲಿ ಸಂಕಟವಿಲ್ಲ.

ಜಾಸ್ತಿ ಗೊಂದಲವಾಗುವುದು 'ಅಬ್ಸೆಸ್', ಅಂದರೆ ಗೀಳು ಹಿಡಿದಂತೆ ಯೋಚಿಸುವುದರ ವಿಷಯದಲ್ಲಿ. 'ಐ ಕೀಪ್ ಅಬ್ಸೆಸಿಂಗ್ ಓವರ್ ಇಟ್' ಎನ್ನಬಹುದು, 'ಓವರ್' ಬದಲು 'ಅಬೌಟ್' ಕೂಡ ಸರಿ. 'ಐ ಆಮ್ ಅಬ್ಸೆಸ್ಡ್' ಎಂದರೆ ಮಾತ್ರ ಅದರ ನಂತರ ಸಾಮಾನ್ಯವಾಗಿ 'ವಿತ್' ಬರುತ್ತದೆ. 'ದಿ ಐಡಿಯಾ ಅಬ್ಸೆಸ್ಡ್ ಹಿಮ್' ಎಂಬ ರೂಪವೂ ಉಂಟು, ಆದರೆ ಅದು ಪುಸ್ತಕದ ಭಾಷೆ. ಇನ್ನೊಂದು ಎಚ್ಚರ ಬೇಕು. ಈಗ 'ಅಬ್ಸೆಸ್ಡ್ ವಿತ್' ಎಂದರೆ ಬರೀ 'ತುಂಬಾ ಇಷ್ಟ' ಎಂಬ ಅರ್ಥವೂ ಇದೆ. ನಿಮ್ಮದು ನಿಜವಾದ ಸಂಕಟವಾದರೆ 'ಕೀಪ್ ಅಬ್ಸೆಸಿಂಗ್' ರೂಪವೇ ಒಳ್ಳೆಯದು. ಹಾಗೆಯೇ, ಸ್ವಲ್ಪ ಅಚ್ಚುಕಟ್ಟು ಬಯಸುವವರನ್ನೆಲ್ಲ 'ಓಸಿಡಿ' ಎಂದು ಕರೆಯಬೇಡಿ. ಅದು ಗೀಳಿನ ಕಾಯಿಲೆಯ ಹೆಸರು. ಅದನ್ನು ಅನುಭವಿಸುವವರಿಗೆ ಆ ಮಾತು ನೋವು ಕೊಡುತ್ತದೆ, ಅಲ್ವಾ?

ಯಾವ ಪದವೂ ನೆನಪಾಗದಿದ್ದರೆ 'ಐ ಕಾಂಟ್ ಸ್ಟಾಪ್ ಥಿಂಕಿಂಗ್ ಅಬೌಟ್ ಇಟ್' ಧಾರಾಳವಾಗಿ ಸಾಕು. ಅಲ್ಲಿ 'ಥಿಂಕಿಂಗ್' ಬದಲು 'ಟು ಥಿಂಕ್' ಹಾಕಬೇಡಿ. 'ಸ್ಟಾಪ್ ಟು ಥಿಂಕ್' ಎಂದರೆ ಯೋಚಿಸಲೆಂದು ಒಂದು ಕ್ಷಣ ನಿಲ್ಲುವುದು. ಆಗ ನಿಮಗೆ ಯೋಚಿಸಲು ಪುರುಸೊತ್ತೇ ಇಲ್ಲ ಎಂದಾಗುತ್ತದೆ.