ಬ್ಯಾಂಕಾಕ್‌ನಾಗ ಫ್ಲಾಟ್, ಗಂಗಾವತಿಯಾಗ ಸೈಟ್: ನನ್ನ ಹೆಸರಿಗೆ ಆಗೋದಷ್ಟೇ ತಗೊಂಡೆ

ನಮ್ಮೂರು ಗಂಗಾವತಿ. ಕೆಲಸ ರೈಸ್ ಮಿಲ್ಲಿನ ಕಲರ್ ಸಾರ್ಟರ್ ಮಷಿನ್‌ದು. ಮೊದಲು ಸಿಂಗಾಪುರದಾಗ ಇದ್ದೆ, ಆಮೇಲೆ ಕಂಪನಿಯವರು ಬ್ಯಾಂಕಾಕ್‌ಗೆ ಕಳಿಸಿದ್ರು. ಊರ ಕಡೆ ಹುಡುಗ್ರು ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ ಮಾತು, ಅಣ್ಣ ಅಲ್ಲಿ ನಾವು ಮನಿ ತಗೋಬೋದಾ, ತಗೊಂಡ್ರ ಅದು ಖರೇ ನಮ್ಮದಾಗ್ತೈತಾ ಅಂತ. ಅದಕ್ಕ ನಾನು ಹೆಂಗ ಮಾಡಿದೆ ಅನ್ನೋದನ್ನ ಒಂದೇ ಕಡೆ ಬರೀತೀನಿ.

ಸಿಂಗಾಪುರದಾಗ ಇರೋಮಟ ಬಾಡಿಗಿ ಮನಿನೇ. ಅಲ್ಲಿ 2023ರ ಏಪ್ರಿಲ್‌ನಿಂದ ಹೊರದೇಶದವರು ಮನಿ ತಗೊಂಡ್ರ ಬೆಲಿ ಮ್ಯಾಲೆ 60 ಪರ್ಸೆಂಟ್ ಹೆಚ್ಚುವರಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅಂದ್ರ ಕೋಟಿ ರೂಪಾಯಿ ಮನಿಗೆ ಅರವತ್ತು ಲಕ್ಷ ಬರೀ ಸರ್ಕಾರಕ್ಕ. ವಿಚಾರನೇ ಮಾಡ್ಲಿಲ್ಲ. ಉಳಿಸಿದ ರೊಕ್ಕ ಅಲ್ಲಿನ ಬ್ಯಾಂಕ್‌ನಾಗೇ ಇಟ್ಟೆ, ಬ್ಯಾಂಕಾಕ್‌ಗೆ ಬಂದ ಮ್ಯಾಲೂ ಅದನ್ನ ಮುಟ್ಲಿಲ್ಲ, ಯಾಕಂದ್ರ ಥಾಯ್ಲೆಂಡ್‌ನಾಗ ಆಟ ಇರೋದೇ ರೊಕ್ಕ ಎಲ್ಲಿಂದ ಬಂತು ಅನ್ನೋದ್ರಾಗ.

ಥಾಯ್ಲೆಂಡ್‌ನಾಗ ಹೊರಗಿನವರ ಹೆಸರಿಗೆ ಭೂಮಿ ಆಗಂಗಿಲ್ಲ. ಕಾಂಡೋ ಆಗ್ತೈತಿ, ನಾವು ಅಪಾರ್ಟ್‌ಮೆಂಟ್ ಫ್ಲಾಟ್ ಅಂತೀವಲ್ಲ ಅದು. ಅದಕ್ಕೂ ಮಿತಿ ಐತಿ, ಇಡೀ ಬಿಲ್ಡಿಂಗ್‌ನ ಫ್ಲಾಟ್‌ಗಳ ಒಟ್ಟು ವಿಸ್ತೀರ್ಣದಾಗ 49 ಪರ್ಸೆಂಟ್ ಅಷ್ಟೇ ಫಾರಿನ್ ಕೋಟಾ. ನಾವು ನೋಡಿದ ಒಂದು ಚಲೋ ಫ್ಲಾಟ್ ಇದೇ ಕಾರಣಕ್ಕ ಬಿಟ್ವಿ, ಅಲ್ಲಿ ಕೋಟಾ ತುಂಬಿತ್ತು. ಏಜೆಂಟ್ ಆಗ ಇನ್ನೊಂದು ದಾರಿ ತೋರಿಸಿದ, ಲೋಕಲ್ ಮಂದಿ ಹೆಸರಿನ ಒಂದು ಕಂಪನಿ ಮಾಡಿ ಅದರ ಹೆಸರಿಗೆ ತೋಟ ಸಮೇತ ವಿಲ್ಲಾನೇ ತಗೋರಿ ಸರ್, ಎಲ್ಲಾರೂ ಹಂಗೇ ಮಾಡ್ತಾರ ಅಂದ. ಅದು ಅಲ್ಲಿನ ಕಾನೂನಿಗೆ ವಿರುದ್ಧ. ಹೆಸರು ಮಂದಿದು, ರೊಕ್ಕ ನಂದು ಅಂದ್ರ ನಾಳೆ ಜಗಳಾದ್ರ ಕೋರ್ಟಿಗೆ ಹೋಗೋಕೂ ನಂಗ ಬಾಯಿ ಇರಂಗಿಲ್ಲ. ಬ್ಯಾಡ ಅಂತ ಹೇಳಿ ಎದ್ದು ಬಂದ್ವಿ.

ಕೊನಿಗೆ ಸಿಕ್ಕಿದ್ದು ಎಂಟು ಮಹಡಿ ಬಿಲ್ಡಿಂಗ್‌ನಾಗ ಹಳೇ ಫ್ಲಾಟ್. 2025 ಮಾರ್ಚ್ 28ಕ್ಕ ಮ್ಯಾನ್ಮಾರ್‌ದಾಗ ಭೂಕಂಪ ಆದಾಗ ಬ್ಯಾಂಕಾಕ್‌ನಾಗ ಕಟ್ಟಾಕತ್ತಿದ್ದ ಒಂದು ಸರ್ಕಾರಿ ಕಟ್ಟಡನೇ ಕುಸಿದು ಬಿತ್ತು, ಎತ್ತರದ ಕಾಂಡೋಗಳಾಗ ಗೋಡಿ ಸೀಳಿದ್ವು. ಅದಾದ ಮ್ಯಾಲೆ ನನ್ನ ಹೆಂಡ್ತಿ ಮೇಲಿನ ಮಹಡಿ ಬ್ಯಾಡೇ ಬ್ಯಾಡ ಅಂತ ಹಟ ಹಿಡಿದ್ಲು, ಅಕಿ ಮಾತು ಸರಿನೂ ಇತ್ತು. ಬಿಲ್ಡಿಂಗ್ ಆಫೀಸ್‌ನವರ ಹತ್ರ ಭೂಕಂಪ ಆದ ಮ್ಯಾಲೆ ಎಂಜಿನಿಯರ್ ಕೊಟ್ಟ ರಿಪೋರ್ಟ್ ಮತ್ತ ಇನ್ಶೂರೆನ್ಸ್ ಕಾಗದ ಎರಡೂ ಇಸ್ಕೊಂಡು ಓದಿಸಿ ಆಮೇಲೆ ಅಡ್ವಾನ್ಸ್ ಕೊಟ್ವಿ.

ಈಗ ರೊಕ್ಕದ ವಿಷಯ. ಫಾರಿನ್ ಕೋಟಾದಾಗ ತಗೊಳ್ಳೋರು ಫ್ಲಾಟ್‌ನ ಪೂರ್ತಿ ಬೆಲಿ ಹೊರದೇಶದ ಕರೆನ್ಸಿಯಾಗ ಥಾಯ್ಲೆಂಡ್ ಒಳಗ ತರಬೇಕು, ಇಲ್ಲಿನ ರೊಕ್ಕ ಬಾತ್‌ನಾಗ ಬರೋ ಪಗಾರ ಉಳಿಸಿ ಕೊಡ್ತೀನಿ ಅಂದ್ರ ನನ್ನಂಥ ವರ್ಕ್ ಪರ್ಮಿಟ್‌ನವರಿಗೆ ನಡೆಯಂಗಿಲ್ಲ. ಸಿಂಗಾಪುರದ ಅಕೌಂಟ್‌ನಿಂದ ಸಿಂಗಾಪುರ ಡಾಲರ್‌ನಾಗೇ ಕಳಿಸ್ದೆ, ಕಳಿಸೋ ಕಾರಣದಾಗ ಕಾಂಡೋ ಖರೀದಿ ಅಂತ, ಬಿಲ್ಡಿಂಗ್ ಹೆಸರು, ಫ್ಲಾಟ್ ನಂಬರ್, ನಮ್ಮಿಬ್ಬರ ಹೆಸರು ಎಲ್ಲ ಬರೆಸಿದ್ದೆ. ಇಲ್ಲಿ ಬ್ಯಾಂಕ್‌ನವರು ಅದನ್ನ ಬಾತ್‌ಗೆ ಬದಲಿಸಿ ಎಫ್‌ಇಟಿ ಫಾರ್ಮ್ ಕೊಟ್ರು, ಅಂದ್ರ ರೊಕ್ಕ ಹೊರದೇಶದಿಂದ ಬಂತು ಅನ್ನೋ ಪುರಾವೆ ಕಾಗದ. ಆ ಕಾಗದ ಇಲ್ಲಾಂದ್ರ ಲ್ಯಾಂಡ್ ಆಫೀಸ್‌ನಾಗ ರಿಜಿಸ್ಟರ್ ಆಗಂಗಿಲ್ಲ, ಮುಂದ ಮಾರಿ ರೊಕ್ಕ ಹೊರಗ ಒಯ್ಯೋಕೂ ಅದೇ ಆಧಾರ. ಇನ್ನೊಂದು ಮುಖ್ಯ ಮಾತು, 2024ರ ಜನವರಿ 1ರಿಂದ ಥಾಯ್ಲೆಂಡ್‌ನಾಗ ವರ್ಷಕ್ಕ 180 ದಿನ ಇರೋರು ಹೊರಗ ಗಳಿಸಿದ ಆದಾಯ ಒಳಗ ತಂದ್ರ ಟ್ಯಾಕ್ಸ್ ಬೀಳ್ತೈತಿ, ಅದಕ್ಕ ಮೊದಲಿನ ಗಳಿಕಿಗೆ ಇಲ್ಲ. ನಂದೆಲ್ಲ ಅದಕ್ಕ ಮೊದಲಿಂದು, ಹಂಗಾಗಿ 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಎಫ್‌ಇಟಿ ಫಾರ್ಮ್ ಜೊತಿನೇ ಇಟ್ಟೀನಿ.

ರಿಜಿಸ್ಟ್ರೇಶನ್ ದಿನ ಬಿಲ್ಡಿಂಗ್ ಆಫೀಸ್‌ನಿಂದ ಎರಡು ಲೆಟರ್ ಬೇಕಾದ್ವು, ಒಂದು ಫಾರಿನ್ ಕೋಟಾ ಖಾಲಿ ಐತಿ ಅಂತ, ಇನ್ನೊಂದು ಹಳೇ ಮಾಲೀಕರ ಮೆಂಟೆನೆನ್ಸ್ ಬಾಕಿ ಇಲ್ಲ ಅಂತ. ಟ್ರಾನ್ಸ್‌ಫರ್ ಫೀ 2 ಪರ್ಸೆಂಟ್, ಮಾರೋರು ತಗೊಳ್ಳೋರು ಅರ್ಧ ಅರ್ಧ ಕೊಟ್ವಿ. ಪತ್ರ ಪೂರ್ತಿ ಥಾಯ್ ಭಾಷಿದು, ಹಂಗಾಗಿ ವಕೀಲರನ್ನ ನಾವೇ ಹಿಡಿದ್ವಿ, ಏಜೆಂಟ್ ತೋರಿಸಿದವರನ್ನ ಅಲ್ಲ.

ಊರಿನ ಕತಿ ಇದಕ್ಕಿಂತ ಸೂಕ್ಷ್ಮ. ನಮ್ಮ ಹೊಲದ ಬಾಜೂಕ ಎಡದಂಡೆ ಕಾಲುವೆ ನೀರಿನ ಗದ್ದಿ ಮಾರಾಟಕ್ಕ ಬಂತು. ಕಾಕಾ ಫೋನ್ ಮಾಡಿ, ಈಗ 79ಎ, 79ಬಿ ತೆಗದಾರಪ್ಪ, ಯಾರು ಬೇಕಾದ್ರೂ ತಗೋಬೋದು, ಬಿಡಬ್ಯಾಡ ಅಂದ್ರು. ಕಾಕಾ ಹೇಳಿದ್ದು ಕರ್ನಾಟಕದ ಭೂ ಸುಧಾರಣಾ ಕಾಯ್ದಿಯ ಕಲಂಗಳು, ರೈತರಲ್ಲದವರು ಹೊಲ ತಗೊಳ್ಳೋಕ ಅಡ್ಡಿ ಮಾಡ್ತಿದ್ವು, 2020ರಾಗ ತೆಗದಿದ್ದು ಖರೇ. ಆದ್ರ ಎನ್‌ಆರ್‌ಐಗಳು ಕೃಷಿ ಭೂಮಿ ಖರೀದಿ ಮಾಡಂಗಿಲ್ಲ ಅನ್ನೋದು ಕೇಂದ್ರದ ಫೆಮಾ, ಅಂದ್ರ ವಿದೇಶಿ ವಿನಿಮಯ ಕಾಯ್ದಿಯ ನಿಯಮ, ಅದು ಹಂಗೇ ಐತಿ. ಅಪ್ಪಾರಿಂದ ಪಾಲಿಗೆ ಬಂದ ಹೊಲ ಇಟ್ಗೋಬೋದು, ಹೊಸದಾಗಿ ರೊಕ್ಕ ಕೊಟ್ಟು ತಗೊಳ್ಳೋಕ ಬರಂಗಿಲ್ಲ. ಹಂಗಾದ್ರ ನಿಮ್ಮಣ್ಣನ ಹೆಸರಿಗೆ ಮಾಡಿಸು, ಪಹಣಿ ಅವನ್ದು, ಒಳಗೊಳಗ ನಿಂದೇ ಅಂದ್ರು. ಬ್ಯಾಂಕಾಕ್ ಏಜೆಂಟ್ ಹೇಳಿದ ದಾರಿನೇ ಇದೂ, ನಮ್ಮಲ್ಲಿ ಬೇನಾಮಿ ಕಾಯ್ದಿಗೆ ಬೀಳ್ತೈತಿ, ಹೊಲನೇ ಸರ್ಕಾರ ಜಪ್ತಿ ಮಾಡ್ಬೋದು. ಅದಕ್ಕಿಂತ ಹೆಚ್ಚು ನಂಗ ಕಾಡಿದ್ದು ಅಣ್ಣ ತಮ್ಮರ ನಡುವ, ಮುಂದ ಅವರ ಮಕ್ಳ ನಡುವ ಬರೋ ಮಾತು. ಕಾಕಾಗ ಸಿಟ್ಟು ಬಂತು, ಆದ್ರೂ ಒಪ್ಲಿಲ್ಲ.

ಬದಲಿಗೆ ಗಂಗಾವತಿಯಾಗ ಎನ್‌ಎ ಆದ, ಅಂದ್ರ ಕೃಷಿಯೇತರ ಅಂತ ಬದಲಿಸಿದ ಲೇಔಟ್‌ನಾಗ ಒಂದು ಸೈಟ್ ನನ್ನ ಹೆಸರಿಗೇ ತಗೊಂಡೆ, ಎನ್‌ಆರ್‌ಐಗಳು ಹೊರಗ ಗಳಿಸಿದ ರೊಕ್ಕ ಊರಿನ ಬ್ಯಾಂಕ್‌ನಾಗ ಇಡೋ ಎನ್‌ಆರ್‌ಇ ಅಕೌಂಟ್‌ನಿಂದ ರೊಕ್ಕ ಹೋಯ್ತು. ನಾನು ಬರೋಕಾಗ್ಲಿಲ್ಲ ಅಂತ ಅಣ್ಣಗ ಆ ಒಂದು ಸೈಟ್‌ಗಷ್ಟೇ ಪವರ್ ಆಫ್ ಅಟಾರ್ನಿ ಬರೆದು ಬ್ಯಾಂಕಾಕ್‌ನ ಇಂಡಿಯನ್ ಎಂಬೆಸಿಯಾಗ ಸಹಿ ಮಾಡಿಸಿ ಕಳಿಸ್ದೆ. ಊರಿಗೆ ಮುಟ್ಟಿದ ಮೂರು ತಿಂಗಳೊಳಗ ಅದಕ್ಕ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅಣ್ಣ ಮುಂಚೇನೇ ಕೊಪ್ಪಳಕ್ಕ ಹೋಗಿ ಮುಗಿಸಿದ.

ಮುಂದ ಊರಿಗೇ ಬಂದು ನೆಲಿಸಿದ್ರೂ ಬ್ಯಾಂಕಾಕ್ ಫ್ಲಾಟ್ ಇಟ್ಗೋಬೋದು, ಎನ್‌ಆರ್‌ಐ ಇದ್ದಾಗ ತಗೊಂಡಿದ್ದಕ್ಕ ಫೆಮಾ ಅಡ್ಡಿ ಮಾಡಂಗಿಲ್ಲ. ಆದ್ರ ಇಂಡಿಯಾದ ಪೂರ್ತಿ ರೆಸಿಡೆಂಟ್ ಆದ ಮ್ಯಾಲೆ ಐಟಿ ರಿಟರ್ನ್‌ನಾಗ ಹೊರದೇಶದ ಆಸ್ತಿ ಬರಿಯೋ ಶೆಡ್ಯೂಲ್ ಎಫ್‌ಎ ತುಂಬಿ ಅದನ್ನ ತೋರಿಸ್ಲೇಬೇಕು, ಬಾಡಿಗಿ ಬಂದ್ರ ಅದನ್ನೂ, ತೋರಿಸಲಿಲ್ಲಾಂದ್ರ 10 ಲಕ್ಷದ ದಂಡ ಬೀಳ್ಬೋದು. ಇನ್ನ ನಮಗ ಉಳಿದಿರೋ ಕೆಲಸ ವಿಲ್. ಥಾಯ್ ಕಾನೂನಿನಾಗ ವಾರಸುದಾರರು ಫಾರಿನ್‌ನವರಾಗಿ ಕಾಂಡೋ ಇಟ್ಗೊಳ್ಳೋ ಅರ್ಹತಿ ಇಲ್ಲಾಂದ್ರ ಒಂದು ವರ್ಷದಾಗ ಮಾರಬೇಕು, ಮಕ್ಕಳು ಇನ್ನೂ ಸಾಲಿಗೆ ಹೋಗೋರು, ಅದಕ್ಕ ಅದೇ ವಕೀಲರ ಹತ್ರ ಇಬ್ಬರೂ ಕೂತು ಬರೆಸಾಕತ್ತೀವಿ.